ತಾಲೂಕಿನ ಊರಲ್ಲಿ ಎಂಬಿಎ ವಿಭಾಗ ನಡೆಸುವುದು ಹೇಗೆ: ಬ್ಯಾಡಗಿ ಸೀಮೆಯಿಂದ ಒಂದು ಪತ್ರ

ಹಾವೇರಿ ಜಿಲ್ಲೆಯ ಒಂದು ತಾಲೂಕಿನ ಊರಲ್ಲಿ ನಾನು ಎಂಬಿಎ ಪಾಠ ಮಾಡಲು ಶುರು ಮಾಡಿ 14 ವರ್ಷ ಆಯಿತು. ಹೋದ ತಿಂಗಳು ಪಕ್ಕದ ಜಿಲ್ಲೆಯ ಹೊಸ ಕಾಲೇಜಿನಿಂದ ಒಬ್ಬರು ಫೋನ್ ಮಾಡಿದ್ದರು. ಇನ್ನೂ ಮೂವತ್ತು ತುಂಬಿಲ್ಲ, ಆಗಲೇ ವಿಭಾಗದ ಮುಖ್ಯಸ್ಥರು. "ಮೇಡಂ, 60 ಸೀಟ್ ಅದಾವ್ರಿ. 22 ಮಂದಿ ಬಂದಾರ. ಕಂಪನಿ ಯಾವೂ ಬರಂಗಿಲ್ಲ ಅಂತಾವ. ಎಲ್ಲಿಂದ ಶುರು ಮಾಡ್ಲಿ?" ಅಂದರು. ಫೋನಲ್ಲಿ ಹೇಳಿ ಮುಗಿಸುವಂಥದ್ದಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಅವರಂಥವರು ಇನ್ನೂ ಬಹಳ ಜನ ಇದ್ದಾರೆ, ಅಲ್ವಾ?

ಮೊದಲೇ ಒಂದು ಮಾತು. ನಾನು ಸೇರಿದ ಮೊದಲ ಎರಡು ವರ್ಷ ಬೆಂಗಳೂರಿನ ಕಾಲೇಜುಗಳು ಮಾಡಿದ್ದನ್ನೇ ಮಾಡಲು ಹೋದೆ. ವಿಮಾನ ಕಂಪನಿಯ ಕೇಸ್ ಸ್ಟಡಿ, ಕಾಫಿ ಅಂಗಡಿಗಳ ಕೇಸ್ ಸ್ಟಡಿ, ಸೂಟು ಬೂಟಿನ ಸೆಮಿನಾರ್. ಹುಡುಗರು ಸುಮ್ನೆ ಬರೆದುಕೊಳ್ಳುತ್ತಿದ್ದರು. ನಮ್ಮ ಕ್ಲಾಸಿನಿಂದ ಬಸ್ ಹತ್ತಿದರೆ ಸಿಗುವ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಒಂದೇ ದಿನಕ್ಕೆ ಕೋಟಿಗಟ್ಟಲೆ ರೂಪಾಯಿ ವ್ಯಾಪಾರ ನಡೆಯುತ್ತಿತ್ತು. ಅದರ ಬಗ್ಗೆ ಒಂದು ಪಾಠವನ್ನೂ ನಾನು ಮಾಡಿರಲಿಲ್ಲ. ಈಗಲೂ ಅದನ್ನು ನೆನೆದರೆ ಬೇಸರ ಆಗುತ್ತದೆ.

ಬಸ್ಸಿನ ವೇಳೆ ನೋಡಿ ಟೈಮ್ ಟೇಬಲ್ ಹಾಕಿ

ವಿಷಯಗಳನ್ನು ಹಂಚುವ ಮೊದಲು ಬಸ್ ನಿಲ್ದಾಣಕ್ಕೆ ಹೋಗಿ. ಕಂಟ್ರೋಲರ್ ಹತ್ತಿರ ಕೂತು, ನಿಮ್ಮ ಹುಡುಗರ ಹಳ್ಳಿಗಳ ಬಸ್ಸು ಎಷ್ಟಕ್ಕೆ ಬರುತ್ತವೆ, ಸಂಜೆ ಕೊನೆಯ ಬಸ್ಸು ಎಷ್ಟಕ್ಕೆ ಎಂದು ಬರೆದುಕೊಳ್ಳಿ. ನಮ್ಮಲ್ಲಿ ಒಂಬತ್ತಕ್ಕೆ ಮೊದಲ ಕ್ಲಾಸ್ ಇತ್ತು. ಅರ್ಧ ಕ್ಲಾಸ್ ಖಾಲಿ ಇರುತ್ತಿತ್ತು. ಶಿಸ್ತಿಲ್ಲ ಎಂದು ಬೈಯುತ್ತಿದ್ದೆವು. ಬಸ್ಸೇ ಒಂಬತ್ತೂವರೆಗೆ ಬರುತ್ತಿತ್ತು. ಹತ್ತಕ್ಕೆ ಶುರು ಮಾಡಿದ ಮೇಲೆ ಹಾಜರಾತಿಯ ಜಗಳವೇ ಇಲ್ಲ.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು. ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳು ಟಿಕೆಟ್‌ಗೆ ರೊಕ್ಕ ಕೊಡಬೇಕಿಲ್ಲ. ಇದು ನಮ್ಮಂಥ ಕಾಲೇಜಿಗೆ ಎಷ್ಟು ದೊಡ್ಡ ವಿಷಯ ಎಂದು ಪೇಟೆಯವರಿಗೆ ಗೊತ್ತಾಗುವುದು ಕಷ್ಟ. ಹುಬ್ಬಳ್ಳಿಯಲ್ಲಿ ಒಂದು ತಿಂಗಳ ಇಂಟರ್ನ್‌ಶಿಪ್ ಅಂದರೆ ಮೊದಲು ಬಸ್ ಖರ್ಚಿನ ಮಾತಿಗೇ ಮನೆಯಲ್ಲಿ ಬೇಡ ಅನ್ನುತ್ತಿದ್ದರು. ಈಗ ಆ ಕಾರಣ ಇಲ್ಲ. ಉಳಿದಿರುವುದು ಕತ್ತಲಾಗುವ ಮೊದಲು ಮನೆ ಸೇರುವ ಪ್ರಶ್ನೆ. ಅದಕ್ಕೆ ಇಂಟರ್ನ್‌ಶಿಪ್ ಕೊಡುವವರ ಹತ್ತಿರ ಮೊದಲೇ ಮಾತಾಡಿ, ನಾಲ್ಕೂವರೆಗೆ ಬಿಡಿಸಿಕೊಳ್ಳಿ. ಆಮೇಲೆ ಅಪ್ಪನಿಗೆ ನೀವೇ ಫೋನ್ ಮಾಡಿ, ಬಸ್ಸಿನ ವೇಳೆ ಹೇಳಿ. ಈ ಫೋನನ್ನು ಗುಮಾಸ್ತರ ಕೈಲಿ ಮಾಡಿಸಬೇಡಿ.

ಫೀ ಕೇಳುವ ತಿಂಗಳು

ನಮ್ಮ ಮನೆಗಳಲ್ಲಿ ಜೂನ್, ಜುಲೈ ಅಂದರೆ ಬೀಜ ಗೊಬ್ಬರದ ಕಾಲ. ಇದ್ದ ರೊಕ್ಕವೆಲ್ಲ ಹೊಲಕ್ಕೆ ಹೋಗಿರುತ್ತದೆ. ಗೋವಿನಜೋಳ ಮಾರಿ ಕೈಗೆ ರೊಕ್ಕ ಬರುವುದು ನವೆಂಬರ್, ಡಿಸೆಂಬರ್ ಹೊತ್ತಿಗೆ. ಮೆಣಸಿನಕಾಯಿ ಬೆಳೆದವರಿಗೆ ಇನ್ನೂ ತಡ, ಜನವರಿ ದಾಟುತ್ತದೆ. ಪೂರ್ತಿ ಫೀ ಪ್ರವೇಶದ ದಿನವೇ ಬೇಕು ಎಂದರೆ ಅವರು ಕೈಗಡ ತರುತ್ತಾರೆ, ಇಲ್ಲವೇ ಮಗಳನ್ನು ಬಿಡಿಸುತ್ತಾರೆ. ಆಡಳಿತ ಮಂಡಳಿಯ ಮುಂದೆ ಈ ಬೆಳೆಯ ಲೆಕ್ಕವನ್ನೇ ಒಂದು ಹಾಳೆಯಲ್ಲಿ ಬರೆದು ಇಡಿ. ನಾನು ಹಾಗೆ ಮಾಡಿದಾಗ ಮೂರು ಕಂತಿಗೆ ಒಪ್ಪಿದರು. ಮಂಡಳಿಯಲ್ಲಿದ್ದವರೂ ಒಕ್ಕಲುತನದ ಮನೆಯವರೇ. ಹಾಳೆ ನೋಡಿದ ಮೇಲೆ ಹೆಚ್ಚು ಮಾತೇ ಬೇಕಾಗಲಿಲ್ಲ.

ವಿದ್ಯಾರ್ಥಿವೇತನದ ವಿಷಯದಲ್ಲಿ ಎಡವುವುದು ಒಂದೇ ಜಾಗದಲ್ಲಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು. ಒಂದರಲ್ಲಿ ಅಡ್ಡಹೆಸರು ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಅಥವಾ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರುವುದಿಲ್ಲ. ರಾಜ್ಯದ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಅಲ್ಲೇ ನಿಲ್ಲುತ್ತದೆ. ಪ್ರವೇಶ ಆದ ವಾರವೇ ಎಲ್ಲರ ಕಾಗದ ಒಂದು ಟೇಬಲ್ ಮೇಲೆ ಹರಡಿ, ಒಂದೊಂದು ಅಕ್ಷರ ಹೋಲಿಸಿ ನೋಡಿ. ಜಾತಿ, ಆದಾಯ ಪ್ರಮಾಣಪತ್ರದ ಅವಧಿಯನ್ನೂ ನೋಡಿ. ಕೊನೆಯ ದಿನಾಂಕದ ಹಿಂದಿನ ದಿನ ಸರ್ವರ್ ಮುಂದೆ ಕೂತು ಅಳುವ ಹುಡುಗಿಯರನ್ನು ನಾನು ನೋಡಿದ್ದೇನೆ. ನಮ್ಮ ಎರಡು ದಿನದ ಕೆಲಸಕ್ಕೆ ಅವರ ಒಂದು ವರ್ಷ ಉಳಿಯುತ್ತದೆ.

ಇನ್ನು ಸೀಟು ತುಂಬುವ ಮಾತು. ಎಂಬಿಎ ಸೇರಲು ಬರೆಯುವ ಪಿಜಿಸಿಇಟಿ ಪ್ರವೇಶ ಪರೀಕ್ಷೆಯ ಅರ್ಜಿ ಬಿಟ್ಟಿದ್ದಾರೆ ಅನ್ನುವುದೇ ಸುತ್ತಲಿನ ಡಿಗ್ರಿ ಕಾಲೇಜಿನ ಎಷ್ಟೋ ಮಕ್ಕಳಿಗೆ ಗೊತ್ತಿರುವುದಿಲ್ಲ. ಪರೀಕ್ಷೆ ಬರೆಯದಿದ್ದರೆ ಸರ್ಕಾರಿ ಕೋಟಾದ ಸೀಟು ಕೈ ತಪ್ಪುತ್ತದೆ. ಕರಪತ್ರ ಹಂಚಿದರೆ ಸಾಲದು. ಲ್ಯಾಪ್‌ಟಾಪ್ ಹಿಡಿದು ಆ ಕಾಲೇಜಿಗೇ ಹೋಗಿ ಅರ್ಜಿ ತುಂಬಿಸಿ ಬನ್ನಿ. ಅವರು ನಮ್ಮಲ್ಲಿಗೇ ಬರಬೇಕೆಂದಿಲ್ಲ, ಎಲ್ಲಾದರೂ ಓದಲಿ. ಹಾಗೆ ಹೋಗಿ ಬಂದ ಮೇಲೆ ನಮ್ಮಲ್ಲಿಗೂ ಜಾಸ್ತಿ ಮಂದಿ ಬಂದರು.

ಕನ್ನಡದಲ್ಲಿ ಅರ್ಥ ಆಗಲಿ, ಆಮೇಲೆ ಇಂಗ್ಲಿಷ್

ನಮ್ಮ ಹುಡುಗರಿಗೆ ಬುದ್ಧಿ ಕಡಿಮೆ ಇಲ್ಲ. ಬಿಕಾಂವರೆಗೆ ಕನ್ನಡದಲ್ಲಿ ಓದಿ, ಇಲ್ಲಿ ಬಂದು ಇದ್ದಕ್ಕಿದ್ದಂತೆ ಇಂಗ್ಲಿಷಿನ ದಪ್ಪ ಪುಸ್ತಕದ ಮುಂದೆ ಕೂರುತ್ತಾರೆ. ಒಬ್ಬಳು ಹುಡುಗಿ ಇದ್ದಳು. ಒಂದು ತಿಂಗಳು ಬಾಯೇ ಬಿಟ್ಟಿರಲಿಲ್ಲ. ಒಂದು ದಿನ ವರ್ಕಿಂಗ್ ಕ್ಯಾಪಿಟಲ್ ಪಾಠ. ನಾನು ಸುಮ್ನೆ ಕೇಳಿದೆ: ನಿಮ್ಮ ಮನೆಯಲ್ಲಿ ಯಾರಾದರೂ ಏನಾದರೂ ಮಾರುತ್ತಾರಾ? ಅವಳ ತಾಯಿ ಖಡಕ್ ರೊಟ್ಟಿ ಮಾಡಿ ಖಾನಾವಳಿಗಳಿಗೆ ಕೊಡುತ್ತಿದ್ದರು. ಅವಳು ಎದ್ದು ನಿಂತು ಹೇಳಿದಳು: "ಜ್ವಾಳಕ್ಕ ಇವತ್ತ ರೊಕ್ಕ ಕೊಡಬೇಕ್ರಿ. ರೊಟ್ಟಿ ಬಡಿಯೋ ಹೆಣ್ಮಕ್ಕಳಿಗೆ ವಾರಕ್ಕೊಮ್ಮೆ ಪಗಾರ. ಖಾನಾವಳಿಯವ್ರು ಹದಿನೈದು ದಿನಕ್ಕ ಕೊಡ್ತಾರ. ಅಲ್ಲೀತನಕ ನಮ್ಮವ್ವಗ ಎಂಟು ಸಾವಿರ ಕೈಯಾಗ ಬೇಕ್ರಿ. ಇಲ್ಲಾಂದ್ರ ಒಲಿ ಹತ್ತಂಗಿಲ್ಲ."

ಪುಸ್ತಕದ ಮೂರು ಪುಟ ಅಷ್ಟರಲ್ಲೇ ಬಂದುಬಿಟ್ಟಿತು. ನಾನು ಅವಳ ಮಾತನ್ನೇ ಬೋರ್ಡ್ ಮೇಲೆ ಬರೆದೆ. ಪಕ್ಕದಲ್ಲಿ ಇಂಗ್ಲಿಷ್ ಪದಗಳನ್ನು ಬರೆದೆ. ಅಂದಿನಿಂದ ನಮ್ಮಲ್ಲಿ ಎರಡು ಕಾಲಮ್ಮಿನ ನೋಟ್‌ಬುಕ್ ಇದೆ. ಎಡಗಡೆ ಕನ್ನಡದಲ್ಲಿ, ಮನೆಯ ಮಾತಲ್ಲೇ. ಬಲಗಡೆ ಪರೀಕ್ಷೆಗೆ ಬರೆಯುವ ಇಂಗ್ಲಿಷ್. ಎಡಗಡೆ ತುಂಬದೆ ಬಲಗಡೆ ಬರೆಯುವ ಹಾಗಿಲ್ಲ.

ಲೆಕ್ಕಪತ್ರಕ್ಕೆ ನಮ್ಮಲ್ಲಿ ಒಳ್ಳೆಯ ಪದಗಳು ಮೊದಲಿಂದ ಇವೆ. ಕಿರ್ದಿ (ದಿನದ ಲೆಕ್ಕದ ಪುಸ್ತಕ), ಖತಾವಣಿ (ಲೆಜರ್), ಜಮಾ, ಬಾಕಿ, ಉದ್ರಿ, ಅಢಾವೆ ಪತ್ರಿಕೆ (ಬ್ಯಾಲೆನ್ಸ್ ಶೀಟ್). ಸಹಕಾರಿ ಸಂಘದ ವಾರ್ಷಿಕ ವರದಿಯನ್ನು ತೆಗೆದು ನೋಡಿ, ಇಡೀ ಅಢಾವೆ ಕನ್ನಡದಲ್ಲೇ ಅಚ್ಚಾಗಿರುತ್ತದೆ. ನಾನು ಮೊದಲ ಬ್ಯಾಲೆನ್ಸ್ ಶೀಟನ್ನು ಅದರಿಂದಲೇ ಕಲಿಸುತ್ತೇನೆ. ಸೆಪ್ಟೆಂಬರ್ ಹೊತ್ತಿಗೆ ಊರೂರಲ್ಲಿ ಸಂಘಗಳ ವಾರ್ಷಿಕ ಸಭೆ ನಡೆಯುತ್ತವೆ. ಕಾರ್ಯದರ್ಶಿಯವರನ್ನು ಕೇಳಿ ಹುಡುಗರನ್ನು ಹಿಂದಿನ ಸಾಲಲ್ಲಿ ಕೂರಿಸಿ. ಹಿರಿಯ ಸದಸ್ಯರೊಬ್ಬರು ಎದ್ದು "ಈ ಖರ್ಚು ಯಾಕ್ ಇಷ್ಟ್ ಆತು?" ಎಂದು ಕೇಳುವುದನ್ನು ಅವರು ಕಣ್ಣಾರೆ ನೋಡಬೇಕು. ಹಾಗೆಯೇ ಗದಗದ ಹತ್ತಿರದ ಕಣಗಿನಹಾಳಕ್ಕೂ ಒಮ್ಮೆ ಕರೆದುಕೊಂಡು ಹೋಗಿ. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ದೇಶದಲ್ಲೇ ಮೊದಲನೆಯದು. ವ್ಯವಹಾರದ ಬುದ್ಧಿ ಪೇಟೆಯಿಂದಲೇ ಬರಬೇಕು ಎಂದುಕೊಂಡ ಹುಡುಗರು ಆ ಹಳ್ಳಿಯಲ್ಲಿ ನಿಂತರೆ ಮುಖ ಬೇರೆಯಾಗುತ್ತದೆ.

ಮಾರುಕಟ್ಟೆಯೇ ಪ್ರಯೋಗಶಾಲೆ

ನಿಮ್ಮ ತಾಲೂಕಿನಲ್ಲಿ ಏನು ದೊಡ್ಡದೋ ಅದನ್ನು ಹಿಡಿಯಿರಿ. ಶಿರಸಿ ಕಡೆ ಅಡಿಕೆ, ಇಳಕಲ್ಲಿನಲ್ಲಿ ಸೀರೆ, ರಾಣೆಬೆನ್ನೂರಿನಲ್ಲಿ ಬೀಜ. ನಮಗೆ ಬ್ಯಾಡಗಿ ಮೆಣಸಿನಕಾಯಿ. ನಾವು ಮಾಡುವ ರೀತಿ ಹೇಳುತ್ತೇನೆ.

ಮೊದಲು ಎಪಿಎಂಸಿ ಕಾರ್ಯದರ್ಶಿಗೆ ಪತ್ರ ಕೊಟ್ಟು ಅನುಮತಿ ತೆಗೆದುಕೊಳ್ಳಿ. ಬ್ಯಾಡಗಿಯಲ್ಲಿ ಸೋಮವಾರ, ಗುರುವಾರ ಮಾರುಕಟ್ಟೆ. ಮೂರು ಮೂರು ಜನರ ಗುಂಪು ಮಾಡಿ. ಇಡೀ ಮಾರುಕಟ್ಟೆ ಸುತ್ತಿ ಬರುವುದು ಬೇಡ, ಅದು ಜಾತ್ರೆ ನೋಡಿದ ಹಾಗಾಗುತ್ತದೆ. ಒಂದು ಗುಂಪಿಗೆ ಒಬ್ಬ ರೈತ, ಒಂದು ರಾಶಿ. ಲಾರಿಯಿಂದ ಚೀಲ ಇಳಿದಾಗಿನಿಂದ ರೈತನ ಕೈಗೆ ಮಾರಾಟದ ಲೆಕ್ಕದ ಪಟ್ಟಿ ಬರುವವರೆಗೆ ಅದರ ಹಿಂದೆಯೇ ಇರಬೇಕು. ಟೆಂಡರ್ ಹಾಕುವ ಹೊತ್ತಿನಲ್ಲಿ ಯಾರನ್ನೂ ಮಾತಾಡಿಸಬಾರದು. ಪ್ರಶ್ನೆಗಳೆಲ್ಲ ಮಧ್ಯಾಹ್ನದ ಮೇಲೆ.

ಬರೆದುಕೊಳ್ಳಬೇಕಾದ್ದು ಇಷ್ಟು: ಯಾವ ಊರಿಂದ ಬಂದರು, ಲಾರಿ ಬಾಡಿಗೆ ಎಷ್ಟು, ಹಮಾಲಿ ಎಷ್ಟು, ಡಬ್ಬಿಯೋ (ದಪ್ಪ ಕಾಯಿ) ಕಡ್ಡಿಯೋ (ತೆಳ್ಳನೆ ಕಾಯಿ), ತೇವ ಹೇಗಿದೆ, ಎಷ್ಟು ಜನ ಖರೀದಿದಾರರು ಬೆಲೆ ಹಾಕಿದರು, ಹೆಚ್ಚಿನ ಬೆಲೆಗೂ ಕಡಿಮೆ ಬೆಲೆಗೂ ಅಂತರ ಎಷ್ಟು, ರೊಕ್ಕ ಯಾವತ್ತು ಸಿಗುತ್ತದೆ. ದಲಾಲಿ ಯಾರು ಕೊಡಬೇಕು, ಇಲ್ಲಿ ಯಾರು ಕೊಟ್ಟರು ಅನ್ನುವುದನ್ನೂ ಕೇಳಬೇಕು.

ಒಂದು ಸಲ ನಾನೂ ಒಂದು ಗುಂಪಿನ ಜೊತೆ ನಿಂತಿದ್ದೆ. ಒಬ್ಬ ಖರೀದಿದಾರರು ಬಂದರು. ರಾಶಿಯ ಮೇಲಿನದು ಬಿಟ್ಟು ಒಳಗೆ ಕೈ ಹಾಕಿ ಒಂದು ಹಿಡಿ ತೆಗೆದರು. ಮುಷ್ಟಿಯಲ್ಲಿ ಹಿಚುಕಿ ಬಿಟ್ಟರು. ಕಾಯಿ ಮೆಲ್ಲಗೆ ಅರಳಿತು, ಮುರಿಯಲಿಲ್ಲ. ತೇವ ಇದೆ ಅಂತ ಅರ್ಥ. ಒಂದು ಕಾಯಿ ಕಿವಿಯ ಹತ್ತಿರ ಅಲ್ಲಾಡಿಸಿದರು, ಬೀಜದ ಸದ್ದು ಕೇಳಲು. ಆಮೇಲೆ ಸೀಳಿ ಒಳಗಿನ ಬಣ್ಣವನ್ನು ಬೆರಳಿಗೆ ಒರೆಸಿ ಬಿಸಿಲಿಗೆ ಹಿಡಿದರು. ಹತ್ತು ಸೆಕೆಂಡು ಅಷ್ಟೇ. ಬ್ಯಾಡಗಿ ಕಾಯಿ ಹೆಸರಾಗಿರುವುದು ಖಾರಕ್ಕಲ್ಲ, ಬಣ್ಣಕ್ಕೆ. ಆ ಬಣ್ಣವನ್ನು ಹಿಂಡಿ ತೆಗೆಯುವ ಕಾರ್ಖಾನೆಗಳು ಅದನ್ನು ಕೊಳ್ಳುತ್ತವೆ. 2011ರಲ್ಲಿ ಜಿಐ ಗುರುತು (ಇದು ಈ ಸೀಮೆಯದೇ ಮಾಲು ಅನ್ನುವ ಕಾನೂನಿನ ಗುರುತು) ಸಿಕ್ಕಿದ್ದೂ ಈ ಗುಣಕ್ಕೇ. ಹುಡುಗರು ಅವತ್ತು ಸಂಜೆ ಕ್ವಾಲಿಟಿ ಕಂಟ್ರೋಲ್ ಬಗ್ಗೆ ಬರೆದ ಎರಡು ಪುಟ, ನಾನು ಯಾವ ಪುಸ್ತಕದಿಂದ ಬರೆಸಿದ್ದಕ್ಕಿಂತಲೂ ಚೆನ್ನಾಗಿತ್ತು.

ಕ್ಲಾಸಿಗೆ ಬಂದ ಮೇಲೆ ಲೆಕ್ಕ. ಇವತ್ತೇ ಮಾರಬೇಕಾ, ಕೋಲ್ಡ್ ಸ್ಟೋರೇಜಿನಲ್ಲಿ ಇಡಬೇಕಾ? ಇಲ್ಲಿ ಕೊಡುವ ಅಂಕಿಗಳು ಪಾಠಕ್ಕೆ ಇಟ್ಟುಕೊಂಡವು, ನಿಮ್ಮ ಊರಿನ ಅಂಕಿ ನೀವು ಹಾಕಿ. ರೈತನ ಹತ್ತಿರ 10 ಕ್ವಿಂಟಲ್ ಇದೆ. ಇವತ್ತಿನ ಬೆಲೆ ಕ್ವಿಂಟಲ್‌ಗೆ 20,000. ಮಾರಿದರೆ 2,00,000. ಅವನ ಮೇಲೆ 1,00,000 ಸಾಲ ಇದೆ, ತಿಂಗಳಿಗೆ ನೂರಕ್ಕೆ 2 ರೂಪಾಯಿ ಬಡ್ಡಿ. ಆರು ತಿಂಗಳು ಇಟ್ಟರೆ ಬಡ್ಡಿ 12,000. ಸ್ಟೋರೇಜ್ ಬಾಡಿಗೆ 3,000. ತೂಕ ನೂರಕ್ಕೆ 2ರಷ್ಟು ಇಳಿದು 9.8 ಕ್ವಿಂಟಲ್ ಉಳಿಯಿತು ಅನ್ನಿ. ಹಾಗಾದರೆ 2,15,000 ಬಂದರೆ ಮಾತ್ರ ಇವತ್ತು ಮಾರಿದ್ದಕ್ಕೆ ಸಮ. ಅಂದರೆ ಆರು ತಿಂಗಳ ನಂತರ ಕ್ವಿಂಟಲ್‌ಗೆ ಸುಮಾರು 21,940 ಸಿಗಬೇಕು. "21,000 ಆತು, ಸಾವಿರ ಲಾಭ ಆತು" ಎಂದು ಮನೆಯಲ್ಲಿ ಖುಷಿಪಟ್ಟಿದ್ದ ಮಕ್ಕಳು ಈ ಲೆಕ್ಕ ನೋಡಿ ಸುಮ್ಮನಾಗುತ್ತಾರೆ. ಎಷ್ಟೋ ಜನ ಅವತ್ತೇ ಅಪ್ಪನಿಗೆ ಫೋನ್ ಮಾಡುತ್ತಾರೆ.

ಕಷ್ಟದ ದಿನವೂ ಬರುತ್ತದೆ. 2024ರ ಮಾರ್ಚ್ 11, ಸೋಮವಾರ. ಬೆಲೆ ಕುಸಿಯಿತು. ರೈತರ ಸಿಟ್ಟು ಕಟ್ಟೆ ಒಡೆದು ಎಪಿಎಂಸಿ ಕಚೇರಿಗೆ, ವಾಹನಗಳಿಗೆ ಬೆಂಕಿ ಬಿತ್ತು. ಮರುದಿನ ನನ್ನ ಕ್ಲಾಸಿನಲ್ಲಿ ಮೆಣಸಿನಕಾಯಿ ಬೆಳೆಯುವವರ ಮಗಳೂ ಇದ್ದಳು, ದಲಾಲಿ ಅಂಗಡಿಯಲ್ಲಿ ಗುಮಾಸ್ತರಾಗಿರುವವರ ಮಗನೂ ಇದ್ದ. ಇಬ್ಬರ ಕಣ್ಣೂ ಕೆಂಪಾಗಿತ್ತು. ಅಂಥ ದಿನ ಪಠ್ಯ ಮುಂದುವರಿಸಬೇಡಿ. ಆದರೆ ಯಾರ ತಪ್ಪು ಅನ್ನುವ ಪ್ರಶ್ನೆಯನ್ನೂ ಮೊದಲ ಗಂಟೆ ಎತ್ತಬೇಡಿ. ನಾನು ಬೋರ್ಡ್ ಮೇಲೆ ನಾಲ್ಕು ಮಾತು ಬರೆದೆ: ಆವಕ (ಮಾರುಕಟ್ಟೆಗೆ ಬಂದ ಮಾಲು), ತೇವ, ತಳಿ, ಸ್ಟೋರೇಜಿನಲ್ಲಿರುವ ಹಳೆಯ ಮಾಲು. ಒಂದೊಂದರಿಂದ ಬೆಲೆ ಹೇಗೆ ಇಳಿಯುತ್ತದೆ ಎಂದು ಇಬ್ಬರಿಂದಲೂ ಹೇಳಿಸಿದೆ. ಆಮೇಲೆ ಐದನೆಯದನ್ನು ಆ ಹುಡುಗಿಯೇ ಬರೆದಳು: ರೈತನಿಗೆ ಇದ್ಯಾವುದೂ ಮೊದಲೇ ಗೊತ್ತಾಗುವುದಿಲ್ಲ. ಮಾಹಿತಿ ಯಾರ ಹತ್ತಿರ ಇದೆ, ಯಾರ ಹತ್ತಿರ ಇಲ್ಲ ಅನ್ನುವ ಪಾಠವನ್ನು ಅವತ್ತಿಗಿಂತ ಚೆನ್ನಾಗಿ ನಾನು ಮಾಡಿಲ್ಲ.

ಮೇಷ್ಟ್ರುಗಳು ಸಿಗದಿದ್ದರೆ

ಸಿಗುವುದು ಕಷ್ಟವೇ. ಬಂದವರು ಎರಡು ವರ್ಷಕ್ಕೆ ಹುಬ್ಬಳ್ಳಿಗೋ ದಾವಣಗೆರೆಗೋ ಹೋಗುತ್ತಾರೆ. ಅವರನ್ನು ದೂರುವ ಹಾಗಿಲ್ಲ, ಅಲ್ಲಿ ಸಂಬಳ ಜಾಸ್ತಿ. ಮೇಷ್ಟ್ರಿಲ್ಲದ ವಿಷಯಕ್ಕೆ ಕೇಂದ್ರ ಸರ್ಕಾರದ 'ಸ್ವಯಂ' ಆನ್‌ಲೈನ್ ಕೋರ್ಸ್ ಬಳಸಿ. ಯುಜಿಸಿಯ 2021ರ ನಿಯಮದಂತೆ ನೂರಕ್ಕೆ 40ರಷ್ಟು ಕ್ರೆಡಿಟ್‌ವರೆಗೆ ಹಾಗೆ ಪಡೆಯಲು ಅವಕಾಶ ಇದೆ, ನಿಮ್ಮ ವಿಶ್ವವಿದ್ಯಾಲಯ ಎಷ್ಟಕ್ಕೆ ಒಪ್ಪುತ್ತದೆ ಎಂದು ಕೇಳಿಕೊಳ್ಳಿ. ವಿಡಿಯೊ ಹಿಂದಿನ ರಾತ್ರಿಯೇ ಇಳಿಸಿಟ್ಟುಕೊಳ್ಳಿ, ಕರೆಂಟ್ ನಂಬಬೇಡಿ. ಒಬ್ಬೊಬ್ಬರೇ ನೋಡಿದರೆ ನಿದ್ದೆ ಬರುತ್ತದೆ. ಎಲ್ಲರೂ ಕೂಡಿ ನೋಡಿ, ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ ಕನ್ನಡದಲ್ಲಿ ಮಾತಾಡಿ.

ಊರಿನ ಸಿಎ, ಬ್ಯಾಂಕ್ ಮ್ಯಾನೇಜರ್, ಹನುಮನಮಟ್ಟಿ ಕೃಷಿ ವಿಜ್ಞಾನ ಕೇಂದ್ರದ ವಿಜ್ಞಾನಿಗಳು, ಇವರನ್ನೆಲ್ಲ ಕರೆಯಿರಿ. ಆದರೆ ಭಾಷಣಕ್ಕೆ ಬೇಡ. "ನೀವು ತಿರಸ್ಕರಿಸಿದ ಒಂದು ಸಾಲದ ಅರ್ಜಿಯ ಬಗ್ಗೆ ಹೆಸರು ಹೇಳದೆ ಮಾತಾಡಿ" ಎಂದು ಒಂದೇ ಪ್ರಶ್ನೆ ಮೊದಲೇ ಕೊಡಿ. ಶಾಲು ಹಾರ ಬಿಟ್ಟು ಆ ಸಮಯವನ್ನೂ ಹುಡುಗರಿಗೆ ಕೊಡಿ.

ಕೆಲಸದ ಪ್ರಶ್ನೆ

ಇಪ್ಪತ್ತೆರಡು ಜನಕ್ಕಾಗಿ ದೊಡ್ಡ ಕಂಪನಿ ಬರುವುದಿಲ್ಲ. ಸುತ್ತಲಿನ ನಾಲ್ಕೈದು ಕಾಲೇಜು ಸೇರಿ ಒಂದೇ ದಿನ ಕರೆಯಿರಿ. ಯಾರ ಕ್ಯಾಂಪಸ್ಸಿನಲ್ಲಿ ಅನ್ನುವ ಪ್ರತಿಷ್ಠೆ ಬಿಟ್ಟುಬಿಡಿ.

ಕೆಲಸ ಸಿಕ್ಕ ಮೇಲೂ ನಮ್ಮ ಜವಾಬ್ದಾರಿ ಇದೆ. ನಮ್ಮ ಒಬ್ಬ ಹುಡುಗ ಬೆಂಗಳೂರಿಗೆ ಹೋದ. ಸಂಬಳ 20,000. ಮೂರೇ ತಿಂಗಳಿಗೆ ವಾಪಸ್ ಬಂದು ನನ್ನ ರೂಮಿನ ಬಾಗಿಲಲ್ಲಿ ನಿಂತಿದ್ದ. ಪಿಜಿಗೆ 8,000, ಊಟ ತಿಂಡಿ, ಬಸ್ಸು, ಮೊಬೈಲ್ ಎಲ್ಲ ಸೇರಿ 7,000. ಮನೆಗೆ 5,000 ಕಳಿಸುತ್ತೇನೆ ಎಂದು ಅವ್ವನಿಗೆ ಮಾತು ಕೊಟ್ಟಿದ್ದ. ಜ್ವರ ಬಂದ ತಿಂಗಳು ಎಲ್ಲ ತಲೆಕೆಳಗಾಯಿತು. ನಾವು ಅವನಿಗೆ ಕಾರ್ಪೊರೇಟ್ ಬಜೆಟ್ ಕಲಿಸಿದ್ದೆವು, ಅವನ ಬಜೆಟ್ ಹಾಕಿಸಿರಲಿಲ್ಲ. ಈಗ ಆಫರ್ ಬಂದ ಪ್ರತಿಯೊಬ್ಬರೂ ಒಪ್ಪುವ ಮೊದಲು ಮೊದಲ ಆರು ತಿಂಗಳ ಕಿರ್ದಿಯನ್ನು ನನ್ನ ಮುಂದೆ ಕೂತು ಬರೆಯಬೇಕು. ಮೈಕ್ರೋಫೈನಾನ್ಸ್ ಕೆಲಸ ಸಿಕ್ಕರೆ ವಸೂಲಿ ಅಂದರೆ ಏನು, ಹಳ್ಳಿಯ ಹೆಣ್ಣುಮಕ್ಕಳ ಮನೆ ಬಾಗಿಲಲ್ಲಿ ಹೇಗೆ ನಿಲ್ಲಬೇಕು, ಯಾವಾಗ ನಿಲ್ಲಬಾರದು, ಇದನ್ನೆಲ್ಲ ಮುಚ್ಚಿಡದೆ ಹೇಳಿ ಕಳಿಸಿ.

ಮನೆಯ ವ್ಯಾಪಾರ ಬೆಳೆಸಿದರೂ ಅದು ಕೆಲಸವೇ. ಆ ರೊಟ್ಟಿ ಮನೆಯ ಹುಡುಗಿ ಯಾವ ಇಂಟರ್‌ವ್ಯೂಗೂ ಹೋಗಲಿಲ್ಲ. ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟಿಗೆ ತಾಯಿಯ ರೊಟ್ಟಿ ವ್ಯಾಪಾರವನ್ನೇ ತೆಗೆದುಕೊಂಡಳು. ಸಣ್ಣ ಉದ್ಯಮಗಳಿಗೆ ಇರುವ ಉದ್ಯಮ್ ನೋಂದಣಿ ಮಾಡಿಸಿದಳು. ಕಿರು ಆಹಾರ ಘಟಕಗಳಿಗೆಂದು 2020ರಲ್ಲಿ ಶುರುವಾದ ಪಿಎಂಎಫ್‌ಎಂಇ ಯೋಜನೆಯ ಅರ್ಜಿಗೆ ಬೇಕಾದ ಯೋಜನಾ ವರದಿಯನ್ನು ತಾನೇ ಬರೆದಳು. ಕೇಂದ್ರದ ಆ ಯೋಜನೆಯಲ್ಲಿ ಘಟಕದ ವೆಚ್ಚದ ನೂರಕ್ಕೆ 35ರಷ್ಟು, ಹೆಚ್ಚೆಂದರೆ 10 ಲಕ್ಷ ರೂಪಾಯಿ ಸಹಾಯಧನ ಇತ್ತು. ನಿಮ್ಮ ವಿದ್ಯಾರ್ಥಿಗಳಿಗೂ ಇಂಥ ಪ್ರಾಜೆಕ್ಟ್ ಕೊಡಬಹುದು, ಆದರೆ ಮೊದಲು ಕೃಷಿ ಇಲಾಖೆಗೆ ಹೋಗಿ ಯೋಜನೆ ಈಗಲೂ ಇದೆಯಾ, ನಿಯಮ ಏನು ಎಂದು ಕೇಳಿಕೊಂಡು ಬರಲಿ. ಬ್ಯಾಂಕಿನಲ್ಲಿ ಅವಳ ವರದಿ ಎರಡು ಸಲ ವಾಪಸ್ ಬಂತು. ಎರಡೂ ಸಲ ಕ್ಲಾಸಿನವರೆಲ್ಲ ಕೂತು ತಿದ್ದಿದರು. ಅದೇ ಅವರ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಪಾಠ ಆಯಿತು.

ವರದಿಯನ್ನು ರೈತನಿಗೂ ಕೊಡಿ

ಬಹಳ ಕಾಲೇಜುಗಳು ಮರೆಯುವ ಕೆಲಸ ಇದು. ಹುಡುಗರು ಮಾರುಕಟ್ಟೆಗೆ ಹೋಗಿ ಪ್ರಶ್ನೆ ಕೇಳಿ ಬರುತ್ತಾರೆ, ವರದಿ ಇಂಗ್ಲಿಷಿನಲ್ಲಿ ಬೈಂಡ್ ಆಗಿ ಲೈಬ್ರರಿ ಸೇರುತ್ತದೆ. ಉತ್ತರ ಕೊಟ್ಟವರಿಗೆ ಏನೂ ಸಿಗುವುದಿಲ್ಲ. ನಮ್ಮಲ್ಲಿ ಪ್ರತಿ ಗುಂಪು ಎರಡು ಪುಟದ ಕನ್ನಡ ಸಾರಾಂಶ ಬರೆದು, ಆ ರೈತರಿಗೆ ಓದಿ ಹೇಳಿ ಬರಬೇಕು. ದೂರದವರಾದರೆ ಅಂಚೆಯಲ್ಲಿ ಕಳಿಸಿ, ಆಮೇಲೆ ಫೋನ್ ಮಾಡಬೇಕು. ಅದಕ್ಕೆ ಅಂಕವೂ ಇದೆ.

ಬಳ್ಳಾರಿ ಕಡೆಯ ಒಬ್ಬ ಹಿರಿಯರಿಗೆ ಹೀಗೆ ಕಳಿಸಿದ್ದೆವು. ಹದಿನೈದು ದಿನಕ್ಕೆ ಅದೇ ಎರಡು ಹಾಳೆ ವಾಪಸ್ ಬಂತು. ಖರ್ಚಿನ ಪಟ್ಟಿಯ ಕೆಳಗೆ ನೀಲಿ ಪೆನ್ನಿನಲ್ಲಿ ದಪ್ಪ ಅಕ್ಷರದಲ್ಲಿ ಒಂದು ಸಾಲು ಸೇರಿಸಿದ್ದರು: "ಪಾಳಿ ಕಾಯುವಾಗ ಊಟ ಚಹಾ, ಇಬ್ಬರಿಗೆ ಮೂರು ದಿವಸ, 900. ಮನ್ಯಾಗ ಕೆಲಸ ನಿಂತದ್ದು ಬೇರೆ." ಅಲ್ಲಿಯವರೆಗೆ ಯಾವ ಗುಂಪೂ ಇದನ್ನು ಬರೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಈಗ ನಮ್ಮ ಪ್ರಶ್ನೆಗಳ ಹಾಳೆಯಲ್ಲಿ ಹಮಾಲಿಯ ಕೆಳಗೆ ಆ ಎರಡು ಖರ್ಚಿಗೂ ಜಾಗ ಇದೆ.